ಡೆಮೊ ಮುಗಿದ ಮೇಲಿನ ಫ್ರೇಮ್‌ವರ್ಕ್

ಹೊಸ ಅಪ್ಲಿಕೇಶನ್‌ಗೆ ಯಾವ ವೆಬ್ ಫ್ರೇಮ್‌ವರ್ಕ್ ಎಂದು ತೀರ್ಮಾನಿಸುವ ಸಭೆ ನಮ್ಮ ಬಹುಪಾಲು ಸಾಫ್ಟ್‌ವೇರ್ ಕಂಪನಿಗಳಲ್ಲಿ ಊಟದ ಹೊತ್ತಿಗೆ ಮುಗಿದಿರುತ್ತದೆ. ಅದೇ ಆಫೀಸಿಗೆ ಕಾಫಿ ಮಷೀನ್ ಕೊಳ್ಳಬೇಕಾದರೆ ಮೂರು ಕೊಟೇಶನ್ ತರಿಸುತ್ತಾರೆ. ಸಭೆಯಲ್ಲಿ ಒಬ್ಬರು ಗಿಟ್‌ಹಬ್‌ನ ಸ್ಟಾರ್ ಎಣಿಸುತ್ತಾರೆ, ಇನ್ನೊಬ್ಬರು ಬೆಂಚ್‌ಮಾರ್ಕ್ ಪಟ್ಟಿ ತೆರೆಯುತ್ತಾರೆ, ಎಚ್‌ಆರ್‌ನವರು ಯಾವುದಕ್ಕೆ ಹುಡುಗರು ಬೇಗ ಸಿಗುತ್ತಾರೆ ಎಂದು ಕೇಳುತ್ತಾರೆ. ಕಡೆಗೆ ಟೀಮ್‌ನಲ್ಲಿ ಯಾರ ದನಿ ಜೋರೋ ಅವರು ಶನಿವಾರ ಭಾನುವಾರ ಕೂತು ಮಾಡಿದ ಡೆಮೊ ಗೆಲ್ಲುತ್ತದೆ. ಆ ಡೆಮೊ ಓಡುವುದು ಅವರ ಲ್ಯಾಪ್‌ಟಾಪಿನಲ್ಲಿ. ಅಪ್ಲಿಕೇಶನ್ ಮುಂದೆ ಐದಾರು ವರ್ಷ ಬದುಕಬೇಕಾದದ್ದು ಕ್ಲೌಡಿನಲ್ಲಿ. ಈ ಎರಡು ಜಾಗಗಳ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೇ ಈ ಪದ್ಧತಿಯ ಬಗ್ಗೆ ನನ್ನ ತಕರಾರು.

ವೇಗದ ವಿಷಯವನ್ನೇ ತೆಗೆದುಕೊಳ್ಳಿ. ಟೆಕ್‌ಎಂಪವರ್ ಸಂಸ್ಥೆ 2013ರಲ್ಲಿ ಶುರುಮಾಡಿದ ಬೆಂಚ್‌ಮಾರ್ಕ್ ಪಟ್ಟಿಯನ್ನು ಈ ಚರ್ಚೆಗಳಲ್ಲಿ ಪ್ರಮಾಣವಾಗಿ ಮುಂದಿಡುತ್ತಾರೆ. ಒಂದು ಫ್ರೇಮ್‌ವರ್ಕ್ ಸೆಕೆಂಡಿಗೆ ಎಷ್ಟು ಸಣ್ಣ ಸಣ್ಣ ಉತ್ತರ ಕೊಡಬಲ್ಲದು ಎಂದು ಅದು ಅಳೆಯುತ್ತದೆ. ರಸ್ಟ್, ಸಿ ಪ್ಲಸ್ ಪ್ಲಸ್ ಬಳಸಿದವು ಮೇಲಿರುತ್ತವೆ, ಪೈಥಾನ್, ರೂಬಿಯವು ಬಹಳ ಕೆಳಗೆ. ಪಟ್ಟಿಯಲ್ಲಿ ಸುಳ್ಳಿಲ್ಲ, ಅದನ್ನು ಓದುವ ರೀತಿಯಲ್ಲಿ ತೊಂದರೆ ಇದೆ. ನಿಮ್ಮ ಡೇಟಾಬೇಸ್ ಮುಂಬೈ ರೀಜನ್‌ನಲ್ಲಿದೆ, ಆದರೆ ಯಾರೂ ಸೆಟಿಂಗ್ ಬದಲಿಸದ ಕಾರಣ ಕೋಡ್ ಅಮೆರಿಕದ ವರ್ಜೀನಿಯಾದಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳಿ. ಹಲವು ಹೋಸ್ಟಿಂಗ್ ಸೇವೆಗಳಲ್ಲಿ ನಾವು ಬೇರೆ ಹೇಳದಿದ್ದರೆ ಕೋಡ್ ಹೋಗಿ ಕೂರುವುದು ಅಮೆರಿಕದ ಪೂರ್ವ ಕರಾವಳಿಯಲ್ಲೇ. ಅಲ್ಲಿಂದ ಮುಂಬೈಗೆ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಸುಮಾರು 200 ಮಿಲಿಸೆಕೆಂಡ್ ಬೇಕು. ಒಂದು ಪುಟ ಕಟ್ಟಲು ಒಂದಾದ ಮೇಲೊಂದರಂತೆ ಹತ್ತು ಕ್ವೆರಿ ಬೇಕಾದರೆ ಎರಡು ಸೆಕೆಂಡ್ ದಾರಿಯಲ್ಲೇ ಖರ್ಚಾಯಿತು. ಫ್ರೇಮ್‌ವರ್ಕ್ ತನ್ನ ಪಾಲಿನ ಕೆಲಸವನ್ನು ಎರಡು ಮಿಲಿಸೆಕೆಂಡಿನಲ್ಲಿ ಮುಗಿಸಿತೋ ಇಪ್ಪತ್ತರಲ್ಲೋ ಎಂಬುದು ಆಗ ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಪುಟವನ್ನು ವೇಗ ಮಾಡಲು ಭಾಷೆ ಬದಲಿಸಬೇಕೆಂದು ಹೊರಟವರನ್ನು ನಾನು ಕಂಡಿದ್ದೇನೆ.

ಹಾಗಾದರೆ ಕ್ಲೌಡ್ ನಿಜವಾಗಿ ಏನು ಕೇಳುತ್ತದೆ? ಯಂತ್ರವನ್ನು ನಂಬಬೇಡ ಎನ್ನುತ್ತದೆ. ಅಮೆಜಾನ್ 2006ರಲ್ಲಿ ಎಸ್3 ಮತ್ತು ಇಸಿ2 ಸೇವೆಗಳನ್ನು ಶುರುಮಾಡಿದಾಗಲೇ ಈ ಪಾಠ ಬಂದಿತ್ತು. ಅದಕ್ಕೆ ಸ್ಪಷ್ಟ ರೂಪ ಕೊಟ್ಟದ್ದು ಹೆರೋಕು ಎಂಬ ಹೋಸ್ಟಿಂಗ್ ಸೇವೆ. ಅದರ ಸ್ಥಾಪಕರಲ್ಲೊಬ್ಬರಾದ ಆ್ಯಡಮ್ ವಿಗಿನ್ಸ್ 2011ರ ಸುಮಾರಿಗೆ ಬರೆದಿಟ್ಟ 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್' ಎಂಬ ಸೂತ್ರಗಳ ಸಾರ ಇಷ್ಟೇ: ನಿನ್ನ ಪ್ರೋಸೆಸ್ ಯಾವ ಗಳಿಗೆಯಲ್ಲಾದರೂ ಸಾಯಬಹುದು, ಸತ್ತಾಗ ಏನೂ ಕಳೆಯಬಾರದು. ಹೆರೋಕು ಅಪ್ಲಿಕೇಶನ್ ಓಡಿಸುವ ತನ್ನ 'ಡೈನೋ'ಗಳನ್ನು ದಿನಕ್ಕೊಮ್ಮೆಯಾದರೂ ತಾನಾಗಿಯೇ ಮರುಪ್ರಾರಂಭ ಮಾಡುತ್ತಿತ್ತು, ಡಿಸ್ಕಿನಲ್ಲಿ ಬರೆದದ್ದೆಲ್ಲ ಅದರೊಂದಿಗೆ ಹೋಗುತ್ತಿತ್ತು. ಇಂದಿನ ಕಂಟೈನರ್‌ಗಳ ಕಥೆಯೂ ಇದೇ. ಆದ್ದರಿಂದ ನನ್ನ ಪ್ರಕಾರ ಫ್ರೇಮ್‌ವರ್ಕ್‌ನ ಪರೀಕ್ಷೆ ನಡೆಯಬೇಕಾದದ್ದು ಇಲ್ಲಿ: ಬಳಕೆದಾರ ಅಪ್‌ಲೋಡ್ ಮಾಡಿದ ಫೋಟೋ ಎಲ್ಲಿ ಉಳಿಯುತ್ತದೆ, ಲಾಗಿನ್ ಆದವನ ನೆನಪು ಎಲ್ಲಿರುತ್ತದೆ, ಪಾಸ್‌ವರ್ಡ್‌ಗಳು ಕೋಡಿನೊಳಗೆ ಸೇರಿಕೊಳ್ಳುತ್ತವೆಯೋ ಹೊರಗಿರುತ್ತವೆಯೋ, ತಡವಾಗಿ ಮಾಡಬೇಕಾದ ಕೆಲಸವನ್ನು ಯಾರು ಮಾಡುತ್ತಾರೆ.

ಈ ಅಳತೆಗೋಲು ಹಿಡಿದರೆ ಹಲವು ಹೆಸರುವಾಸಿಗಳ ಬಣ್ಣ ಬದಲಾಗುತ್ತದೆ. ನೋಡ್ ಲೋಕದ ಹಳೆಯ ಹುಲಿ ಎಕ್ಸ್‌ಪ್ರೆಸ್. ಅದರ ಜೊತೆ ಬಳಸುವ ಎಕ್ಸ್‌ಪ್ರೆಸ್ ಸೆಷನ್ ಎಂಬ ಪ್ಯಾಕೇಜು, ನಾವು ಬೇರೆ ಹೇಳದಿದ್ದರೆ, ಲಾಗಿನ್ ವಿವರಗಳನ್ನು ಆ ಪ್ರೋಸೆಸ್‌ನ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಕ್ಲೌಡಿನಲ್ಲಿ ಎರಡು ಕಂಟೈನರ್ ಎಬ್ಬಿಸಿದಿರೋ, ಒಂದರಲ್ಲಿ ಲಾಗಿನ್ ಆದ ಗ್ರಾಹಕ ಮುಂದಿನ ಕ್ಲಿಕ್ಕಿಗೆ ಇನ್ನೊಂದರ ಬಾಗಿಲಲ್ಲಿ ಅಪರಿಚಿತನಾಗಿ ನಿಲ್ಲುತ್ತಾನೆ. ಇದು ಪ್ರೊಡಕ್ಷನ್‌ಗಲ್ಲ ಎಂದು ಆ ಪ್ಯಾಕೇಜೇ ಎಚ್ಚರಿಸುತ್ತದೆ, ಸಾವಿರ ಸಾಲಿನ ಲಾಗ್‌ನಲ್ಲಿ ಅದನ್ನು ಓದುವವರು ಕಡಿಮೆ. ಪೈಥಾನಿನ ಜಾಂಗೋ ಸೆಷನ್ ಅನ್ನು ಡೇಟಾಬೇಸಿನಲ್ಲಿಡುತ್ತದೆ, ರೂಬಿಯ ರೈಲ್ಸ್ ಗೂಢಲಿಪೀಕರಿಸಿದ ಕುಕಿಯಲ್ಲಿಡುತ್ತದೆ. ಕಂಟೈನರ್ ಸತ್ತರೂ ಇವೆರಡೂ ಉಳಿಯುತ್ತವೆ.

ಜಾಂಗೋ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಅದರ ಗುಣ ದೋಷ ಎರಡಕ್ಕೂ ಅದರ ಹುಟ್ಟೇ ಕಾರಣ. ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯಲ್ಲಿ 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ ಇದನ್ನು ಕಟ್ಟತೊಡಗಿದರು. 2005ರ ಜುಲೈನಲ್ಲಿ ಸಾರ್ವಜನಿಕರಿಗೆ ಬಿಟ್ಟರು. ಸುದ್ದಿಮನೆಗೆ ಸಂಜೆಯೊಳಗೆ ಪುಟ ಬೇಕು, ಮಾಹಿತಿ ತುಂಬುವವರು ವರದಿಗಾರರು, ಎಂಜಿನಿಯರ್‌ಗಳಲ್ಲ. ಹಾಗಾಗಿ ಡೇಟಾ ಮಾಡೆಲ್ ಬರೆದ ಕೂಡಲೇ ಅದನ್ನು ತುಂಬುವ, ತಿದ್ದುವ ಅಡ್ಮಿನ್ ಪುಟಗಳು ಪುಕ್ಕಟೆಯಾಗಿ ಸಿಗುತ್ತವೆ. ಇಪ್ಪತ್ತು ವರ್ಷವಾದರೂ ಇದಕ್ಕೆ ಸರಿಸಾಟಿಯಾದದ್ದನ್ನು ಬೇರೆ ದೊಡ್ಡ ಫ್ರೇಮ್‌ವರ್ಕ್‌ಗಳು ತಮ್ಮ ಒಡಲಲ್ಲಿ ತಂದಿಲ್ಲ. ಒಂದು ಸಹಕಾರ ಸಂಘಕ್ಕೋ ಪ್ರಕಾಶನಕ್ಕೋ ಕಾಲೇಜಿನ ಪ್ರವೇಶ ವಿಭಾಗಕ್ಕೋ ಬೇಕಾದ ಮುಕ್ಕಾಲು ಪಾಲು ಸಾಫ್ಟ್‌ವೇರ್ ಈ ಅಡ್ಮಿನ್ ಪುಟಗಳೇ. 2014ರಲ್ಲಿ ಬಂದ 1.7ರಿಂದ ಡೇಟಾಬೇಸ್ ಬದಲಾವಣೆಗಳನ್ನು ಹಂತಹಂತವಾಗಿ ದಾಖಲಿಸುವ ಮೈಗ್ರೇಶನ್ ವ್ಯವಸ್ಥೆಯೂ ಒಳಗೇ ಇದೆ. ಟೀಮ್ ಬದಲಾದ ಮೇಲೆ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ಹುಟ್ಟಿದ ಕಾಲಕ್ಕೆ ಸರ್ವರ್ ಎಂದರೆ ಆಫೀಸಿನಲ್ಲೋ ಡೇಟಾ ಸೆಂಟರಿನಲ್ಲೋ ಕೂತ ಒಂದು ಗಟ್ಟಿ ಪೆಟ್ಟಿಗೆ. ಜಾಂಗೋ ಇಂದಿಗೂ ಆ ಗುಂಗಿನಿಂದ ಪೂರ್ತಿ ಹೊರಬಂದಿಲ್ಲ. ಹೊಸ ಪ್ರಾಜೆಕ್ಟ್ ಶುರುಮಾಡಿದರೆ ಸೆಟಿಂಗ್ಸ್ ಫೈಲಿನಲ್ಲಿ ಗುಪ್ತ ಕೀಲಿ ಬಹಿರಂಗವಾಗಿಯೇ ಬರೆದಿರುತ್ತದೆ, ಡೀಬಗ್ ಚಾಲೂ ಇರುತ್ತದೆ, ಡೇಟಾಬೇಸ್ ಎಂದರೆ ಪಕ್ಕದಲ್ಲೇ ಇರುವ ಒಂದು ಎಸ್‌ಕ್ಯೂಲೈಟ್ ಫೈಲು. 3.2 ಆವೃತ್ತಿಯಿಂದ ಆ ಕೀಲಿಯ ಆರಂಭದಲ್ಲಿ 'ಜಾಂಗೋ ಇನ್‌ಸೆಕ್ಯೂರ್' ಎಂದು ಬರೆದಿರುತ್ತದೆ, ಅಷ್ಟರಮಟ್ಟಿಗೆ ಪ್ರಾಮಾಣಿಕತೆ. ಅಪ್‌ಲೋಡ್ ಆದ ಫೈಲುಗಳು ಲೋಕಲ್ ಡಿಸ್ಕಿಗೇ ಹೋಗುತ್ತವೆ; ಎಸ್3ಯಂಥ ಕಡೆ ಕಳಿಸಬೇಕೆಂದರೆ ಹೊರಗಿನ ಪ್ಯಾಕೇಜು ತಂದು ಜೋಡಿಸಬೇಕು. ಇದನ್ನು ಮರೆತ ತಂಡದ ಗ್ರಾಹಕರು ಸೋಮವಾರ ಹಾಕಿದ ಆಧಾರ್ ಪ್ರತಿ ಮಂಗಳವಾರದ ಡಿಪ್ಲಾಯ್ ಆದ ಮೇಲೆ ಕಾಣುವುದಿಲ್ಲ. ರೈಲ್ಸ್ ಈ ವಿಷಯದಲ್ಲಿ ಮುಂದೆ. 2018ರ 5.2ರಲ್ಲೇ ಕ್ಲೌಡ್ ಸಂಗ್ರಹಕ್ಕೆ ಆ್ಯಕ್ಟಿವ್ ಸ್ಟೋರೇಜ್ ತಂದಿತು, 2023ರ 7.1ರಿಂದ ಹೊಸ ಪ್ರಾಜೆಕ್ಟಿನ ಜೊತೆಗೇ ಡಾಕರ್‌ಫೈಲ್ ಬರೆದುಕೊಡುತ್ತದೆ.

ತಡವಾಗಿ ಮಾಡಬೇಕಾದ ಕೆಲಸಗಳ ವಿಷಯದಲ್ಲೂ ರೈಲ್ಸ್ ಹೆಚ್ಚು ವಿವೇಕ ತೋರಿದೆ. ರಸೀದಿಯ ಪಿಡಿಎಫ್ ತಯಾರಿಸುವುದು, ಎಸ್‌ಎಂಎಸ್ ಕಳಿಸುವುದು, ರಾತ್ರಿಯ ವರದಿ ತೆಗೆಯುವುದು, ಇವಕ್ಕೆ ವರ್ಷಗಟ್ಟಲೆ ಎಲ್ಲರೂ ರೆಡಿಸ್ ಎಂಬ ಇನ್ನೊಂದು ಸೇವೆಯನ್ನು ಬಾಡಿಗೆಗೆ ತೆಗೆದುಕೊಂಡರು. ಅದಕ್ಕೊಂದು ಬಿಲ್, ಅದಕ್ಕೊಂದು ಪಾಸ್‌ವರ್ಡ್, ನಡುರಾತ್ರಿ ಕೈಕೊಡಲು ಇನ್ನೊಂದು ಜಾಗ. 2024ರ ನವೆಂಬರಿನಲ್ಲಿ ಬಂದ ರೈಲ್ಸ್ 8 ಈ ಕೆಲಸಗಳ ಸರದಿಯನ್ನು, ಕ್ಯಾಶೆಯನ್ನೂ ಸೇರಿಸಿ, ಇರುವ ಡೇಟಾಬೇಸಿನಲ್ಲೇ ಇಡುವುದನ್ನು ವಾಡಿಕೆಯಾಗಿಸಿತು. ಜಾಂಗೋ 2025ರ ಡಿಸೆಂಬರಿನ 6.0ರಲ್ಲಿ ಟಾಸ್ಕ್ ಎಂಬ ವ್ಯವಸ್ಥೆ ತಂದಿತಾದರೂ ಅದು ಕೆಲಸವನ್ನು ಬರೆದಿಡುವ ಒಂದು ಸಮಾನ ರೀತಿ ಮಾತ್ರ. ಪ್ರೊಡಕ್ಷನ್‌ನಲ್ಲಿ ಅದನ್ನು ಎತ್ತಿಕೊಂಡು ಮಾಡುವ ವರ್ಕರ್‌ನನ್ನು ನೀವೇ ಬೇರೆ ಕಡೆಯಿಂದ ತರಬೇಕು. ಅರ್ಧ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೂ, ಈಗಿನ ಸಭೆಗಳಲ್ಲಿ ಗೆಲ್ಲುವುದು ಜಾಂಗೋವೂ ಅಲ್ಲ, ರೈಲ್ಸೂ ಅಲ್ಲ. ನೆಕ್ಸ್ಟ್ ಜೆಎಸ್ ಮತ್ತು ಸರ್ವರ್‌ಲೆಸ್ ಜೋಡಿ. ಯಂತ್ರದ ಚಿಂತೆಯೇ ಬೇಡ, ಕೋಡ್ ತಳ್ಳಿದರೆ ಸಾಕು, ಜನ ಬಂದಷ್ಟೂ ಫಂಕ್ಷನ್‌ಗಳು ತಾವೇ ಏಳುತ್ತವೆ ಎಂಬ ಮಾತು ಕೇಳಲು ಹಿತವಾಗಿದೆ, ಬಹುಮಟ್ಟಿಗೆ ನಿಜವೂ ಹೌದು. ಆದರೆ ಫಂಕ್ಷನ್‌ಗಳು ಎದ್ದು ಹೋಗುವುದೆಲ್ಲಿಗೆ? ಡೇಟಾಬೇಸಿನ ಹತ್ತಿರ. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಒಂದೊಂದು ಪ್ರತ್ಯೇಕ ಪ್ರೋಸೆಸ್ ತೆರೆಯುತ್ತದೆ, ನಾವು ಬದಲಿಸದಿದ್ದರೆ ಅದರ ಮಿತಿ 100. ಎಸ್ಸೆಸ್ಸೆಲ್ಸಿ ಫಲಿತಾಂಶದಂಥ ದಿನವನ್ನು ಊಹಿಸಿಕೊಳ್ಳಿ. ಅಮೆಜಾನಿನ ಸರ್ವರ್‌ಲೆಸ್ ಸೇವೆಯಾದ ಲ್ಯಾಂಬ್ಡಾದ ಮಾದರಿಯಲ್ಲಿ ಒಂದು ಫಂಕ್ಷನ್ ಒಂದು ಸಲಕ್ಕೆ ಒಂದೇ ವಿನಂತಿಯನ್ನು ನೋಡಿಕೊಳ್ಳುತ್ತದೆ. ಮುನ್ನೂರು ಮಕ್ಕಳು ಒಟ್ಟಿಗೆ ನೋಂದಣಿ ಸಂಖ್ಯೆ ಒತ್ತಿದರೆ ಮುನ್ನೂರು ಫಂಕ್ಷನ್‌ಗಳು ಮುನ್ನೂರು ಸಂಪರ್ಕ ಕೇಳುತ್ತವೆ. ನೂರಾದ ಮೇಲೆ ಪೋಸ್ಟ್‌ಗ್ರೆಸ್ 'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ' ಎಂದು ಕೈ ಮುಗಿಯುತ್ತದೆ. (ಡೇಟಾಬೇಸ್‌ಗಳ ದೋಷ ಸಂದೇಶಗಳಲ್ಲಿ ಇಷ್ಟು ವಿನಯ ಅಪರೂಪ.) ಎಂಟು ವರ್ಕರ್‌ಗಳ ಹಳೆಯ ಶೈಲಿಯ ಜಾಂಗೋ ಸರ್ವರ್ ಇದ್ದರೆ ಎಂಟೇ ಸಂಪರ್ಕ; ಉಳಿದವರು ಸಾಲಿನಲ್ಲಿ ಒಂದಿಷ್ಟು ಕಾಯುತ್ತಾರೆ, ಆದರೆ ಫಲಿತಾಂಶ ಸಿಗುತ್ತದೆ. ನಡುವೆ ಪಿಜಿಬೌನ್ಸರ್‌ನಂಥ, ಸಂಪರ್ಕಗಳನ್ನು ಹಂಚಿಕೊಡುವ ಪೂಲರ್ ಹಾಕಿ ಸರ್ವರ್‌ಲೆಸ್‌ಗೂ ಇದೇ ಶಿಸ್ತು ತರಬಹುದು. ಆಗ ಚಿಂತೆಯೇ ಬೇಡವೆಂದಿದ್ದ ಸರ್ವರ್ ಒಂದು ಹಿಂಬಾಗಿಲಿನಿಂದ ವಾಪಸ್ ಬಂದಿರುತ್ತದೆ.

ಹಣದ ಲೆಕ್ಕಕ್ಕೆ ಅಮೆಜಾನಿನ ಮನೆಯೊಳಗಿನ ಉದಾಹರಣೆಯೇ ಇದೆ. ಪ್ರೈಮ್ ವಿಡಿಯೊ ತಂಡವೊಂದು ಪ್ರಸಾರದ ಗುಣಮಟ್ಟ ಪರೀಕ್ಷಿಸುವ ವ್ಯವಸ್ಥೆಯನ್ನು ಸಣ್ಣಸಣ್ಣ ಸರ್ವರ್‌ಲೆಸ್ ತುಣುಕುಗಳಾಗಿ ಕಟ್ಟಿತ್ತು. ವಿಡಿಯೊದ ಚೌಕಟ್ಟುಗಳು ತುಣುಕಿನಿಂದ ತುಣುಕಿಗೆ ಎಸ್3 ಮೂಲಕ ಓಡಾಡುತ್ತಿದ್ದವು, ಪ್ರತಿ ಹೆಜ್ಜೆಗೂ ಶುಲ್ಕ. ಎಲ್ಲವನ್ನೂ ಒಂದೇ ಪ್ರೋಸೆಸ್‌ಗೆ ತಂದಾಗ ಖರ್ಚು ಶೇ 90ಕ್ಕೂ ಹೆಚ್ಚು ಇಳಿಯಿತು ಎಂದು ಆ ತಂಡವೇ 2023ರಲ್ಲಿ ಬರೆದುಕೊಂಡಿತು. ಸರ್ವರ್‌ಲೆಸ್ ಎಲ್ಲಕ್ಕೂ ತಪ್ಪು ಎಂದು ಇದರಿಂದ ಸಾಬೀತಾಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಬರುವ ಕೆಲಸಕ್ಕೆ ಅದಕ್ಕಿಂತ ಅಗ್ಗವಾದದ್ದಿಲ್ಲ. ಎಡೆಬಿಡದೆ ಬರುವ ಕೆಲಸಕ್ಕೆ ಅದು ದುಬಾರಿ, ಅಷ್ಟೇ.

ನೆಕ್ಸ್ಟ್ ಜೆಎಸ್ ಮೇಲೆ ನನ್ನ ಆಕ್ಷೇಪ ಬೇರೆ ತರಹದ್ದು. 2016ರಲ್ಲಿ ಇದನ್ನು ಹೊರತಂದ ಝೈಟ್ ಎಂಬ ಕಂಪನಿಯ ಈಗಿನ ಹೆಸರು ವರ್ಸೆಲ್. ಅದರ ವ್ಯಾಪಾರ ಹೋಸ್ಟಿಂಗ್. ಫ್ರೇಮ್‌ವರ್ಕ್ ಪುಕ್ಕಟೆ, ಅದು ಅತ್ಯಂತ ಸಲೀಸಾಗಿ ಓಡುವ ಜಾಗಕ್ಕೆ ಕಾಸು. ಇದರಲ್ಲಿ ಮುಚ್ಚುಮರೆ ಏನಿಲ್ಲ, ನಿಮ್ಮದೇ ನೋಡ್ ಸರ್ವರ್‌ನಲ್ಲೂ ಅದು ಓಡುತ್ತದೆ. ಆದರೆ ಎರಡನೆಯ ಕಂಟೈನರ್ ಸೇರಿಸಿದ ದಿನ ಪುಟಗಳ ಕ್ಯಾಶೆ ಎರಡೂ ಕಡೆ ಬೇರೆಬೇರೆಯಾಗಿ, ಒಬ್ಬ ಗ್ರಾಹಕನಿಗೆ ಹಳೆಯ ಬೆಲೆ, ಇನ್ನೊಬ್ಬನಿಗೆ ಹೊಸ ಬೆಲೆ ಕಾಣತೊಡಗುತ್ತದೆ. ಅದನ್ನು ಹೊಂದಿಸುವ ಕೋಡ್ ನೀವು ಬರೆಯಬೇಕು. ನೆಕ್ಸ್ಟ್ ಜೆಎಸ್ ಅನ್ನು ಬೇರೆ ಕ್ಲೌಡ್‌ಗಳಲ್ಲಿ ಓಡಿಸಲೆಂದೇ ಓಪನ್‌ನೆಕ್ಸ್ಟ್ ಎಂಬ ಪ್ರತ್ಯೇಕ ಮುಕ್ತ ಯೋಜನೆ ಹುಟ್ಟಿಕೊಳ್ಳಬೇಕಾಯಿತು ಎಂಬುದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2025ರ ಮಾರ್ಚಿನಲ್ಲಿ ಬೆಳಕಿಗೆ ಬಂದ ಲೋಪವನ್ನೂ ನೋಡಿ: ವಿನಂತಿಯ ಜೊತೆ ಒಂದು ನಿರ್ದಿಷ್ಟ ಹೆಡರ್ ಸೇರಿಸಿದರೆ ಮಿಡಲ್‌ವೇರ್‌ನ ತಪಾಸಣೆಯನ್ನೇ ದಾಟಿ ಒಳಗೆ ಹೋಗಬಹುದಿತ್ತು. ವರ್ಸೆಲ್‌ನಲ್ಲೇ ಇದ್ದವರಿಗೆ ಬಿಸಿ ತಟ್ಟಲಿಲ್ಲ. ತಮ್ಮ ಸರ್ವರ್‌ನಲ್ಲಿ ಓಡಿಸುತ್ತಿದ್ದವರು ರಾತ್ರೋರಾತ್ರಿ ಆವೃತ್ತಿ ಬದಲಿಸಿದರು. ಬಾಡಿಗೆ ಮನೆಯ ಗೋಡೆಗೇ ಅಳತೆ ಕೊಟ್ಟು ಕಪಾಟು ಮಾಡಿಸಿದ ಹಾಗೆ ಇದು. ಅಲ್ಲಿರುವಷ್ಟು ದಿನ ಅಂದ, ಮನೆ ಬಿಡುವಾಗ ತಲೆನೋವು. ಅಂಗಡಿಯ ಮುಖಪುಟ, ಜಾಹೀರಾತಿನ ತಾಣ, ಸುದ್ದಿಯ ಪುಟಗಳಿಗೆ ನೆಕ್ಸ್ಟ್ ಜೆಎಸ್ ಒಳ್ಳೆಯ ಆಯ್ಕೆಯೇ. ಲೆಕ್ಕಪತ್ರ, ದಾಸ್ತಾನು, ಅರ್ಜಿ ವಿಲೇವಾರಿಯಂಥ ಅಪ್ಲಿಕೇಶನ್‌ನ ಒಡಲಾಗಿ ಅದನ್ನು ನಾನು ಆರಿಸುವುದಿಲ್ಲ.

ಮನೆ ಬಿಡುವ ಪ್ರಸಂಗ ಬಂದೇ ಬರುತ್ತದೆ. ಗೂಗಲ್ 2008ರಲ್ಲಿ ಆ್ಯಪ್ ಎಂಜಿನ್ ತಂದಾಗ ಅದರಲ್ಲಿ ಸಂಬಂಧಾತ್ಮಕ ಡೇಟಾಬೇಸ್ ಇರಲಿಲ್ಲ, ಗೂಗಲ್‌ನದೇ ಡೇಟಾಸ್ಟೋರ್ ಇತ್ತು. ಅದಕ್ಕೆಂದೇ ಬರೆದ ಕೋಡ್ ಬೇರೆಲ್ಲೂ ಹೊಂದುತ್ತಿರಲಿಲ್ಲ. 2011ರಲ್ಲಿ ದರ ಬದಲಾದಾಗ ಬಿಲ್ ನೋಡಿ ಗಾಬರಿಯಾದವರು ಹೊರಡಬೇಕೆಂದರೆ ಅರ್ಧ ಅಪ್ಲಿಕೇಶನ್ ಹೊಸದಾಗಿ ಬರೆಯಬೇಕಿತ್ತು. ಹೆರೋಕು ತನ್ನ ಉಚಿತ ಸೇವೆಯನ್ನು 2022ರ ನವೆಂಬರಿನಲ್ಲಿ ನಿಲ್ಲಿಸಿದಾಗ, ಸಾದಾ ಪೋಸ್ಟ್‌ಗ್ರೆಸ್ ಮತ್ತು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಮೇಲೆ ನಿಂತಿದ್ದ ಅಪ್ಲಿಕೇಶನ್‌ಗಳಿಗೆ ಅಂಥ ಕಷ್ಟವಿರಲಿಲ್ಲ, ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋದವು. ಅದೇ ವರ್ಷ, ರೈಲ್ಸ್ ಹುಟ್ಟಿದ ಮನೆಯಾದ 37ಸಿಗ್ನಲ್ಸ್, ವರ್ಷಕ್ಕೆ ಸುಮಾರು 32 ಲಕ್ಷ ಡಾಲರ್ ಕ್ಲೌಡ್ ಬಿಲ್ ಸಾಕೆಂದು ಸ್ವಂತ ಸರ್ವರ್‌ಗಳಿಗೆ ಹೊರಟಿತು. ಅವರಲ್ಲಿ ಸರ್ವರ್ ನೋಡಿಕೊಳ್ಳುವ ನುರಿತ ತಂಡವಿತ್ತು, ಎಲ್ಲರಿಗೂ ಅದು ಮಾದರಿಯಾಗಲಾರದು. ಅವರ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಹೊರಡುವಾಗ ಅವರು ತಮ್ಮ ಅಪ್ಲಿಕೇಶನ್‌ಗಳನ್ನು ಹೊಸದಾಗಿ ಬರೆಯಬೇಕಾಗಲಿಲ್ಲ ಎಂಬುದು.

ಜಾವಾದ ಸ್ಪ್ರಿಂಗ್ ಬೂಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬ್ಯಾಂಕು, ವಿಮೆ, ಸರ್ಕಾರಗಳ ನೆಚ್ಚಿನದು. ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಶನ್‌ನ ಡಿಜಿಟ್ ವೇದಿಕೆ ನಿಂತಿರುವುದು ಸ್ಪ್ರಿಂಗ್ ಬೂಟ್ ಸೇವೆಗಳ ಮೇಲೆಯೇ. ಎದ್ದು ನಿಲ್ಲಲು ಸೆಕೆಂಡುಗಳು ಬೇಕು, ಮೆಮೊರಿ ಹೆಚ್ಚು ತಿನ್ನುತ್ತದೆ. ಆಗಾಗ ಮಲಗಿ ಏಳುವ ಸರ್ವರ್‌ಲೆಸ್‌ಗೆ ಅದು ಒಗ್ಗದು. 2022ರ ಕೊನೆಯಲ್ಲಿ ಬಂದ ಸ್ಪ್ರಿಂಗ್ ಬೂಟ್ 3 ಮತ್ತು ಅಮೆಜಾನಿನ ಸ್ನ್ಯಾಪ್‌ಸ್ಟಾರ್ಟ್ ಆ ನೋವಿಗೆ ಮದ್ದು ಹುಡುಕಿವೆ. ನೂರಾರು ಎಂಜಿನಿಯರ್‌ಗಳು ಹತ್ತಾರು ಇಲಾಖೆಗಳಿಗಾಗಿ ಬರೆಯುವಾಗ ಅದರ ಕಟ್ಟುನಿಟ್ಟು ನೆರವಾಗುತ್ತದೆ. ಐದು ಜನರ ಸ್ಟಾರ್ಟಪ್ ಅದನ್ನು ಹದಿನಾಲ್ಕು ಮೈಕ್ರೋಸರ್ವಿಸ್ ಮಾಡಿ ಕುಬರ್ನೆಟೀಸ್ ಮೇಲೆ ಕೂರಿಸಿದರೆ ಮೂಗಿಗಿಂತ ಮೂಗುತಿ ಭಾರ.

ಭಾರದ ಇನ್ನೊಂದು ತುದಿಯಲ್ಲಿ ಕನ್ನಡಿಗರಿಗೆ ಗೊತ್ತಿರುವ ಒಂದು ತಾಣವಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್'. ಅದರ ಹಿಂದಿರುವುದು ಕೈಲಾಶ್ ನಾಧ್ ಬರೆದ ಡಿಕ್ಟ್‌ಪ್ರೆಸ್: ಗೋ ಭಾಷೆಯಲ್ಲಿ ತಯಾರಾದ ಒಂದೇ ಒಂದು ಬೈನರಿ ಫೈಲು, ಜೊತೆಗೆ ಒಂದು ಪೋಸ್ಟ್‌ಗ್ರೆಸ್. ಹೆಸರುಹೊತ್ತ ದೊಡ್ಡ ಫ್ರೇಮ್‌ವರ್ಕ್ ಇಲ್ಲ. ಹೇಗೆ ಬರೆದರೂ ಉಚ್ಚಾರಣೆ ಹಿಡಿದು ಪದ ಹುಡುಕಿಕೊಡಲು ಕನ್ನಡಕ್ಕೆಂದೇ ಮಾಡಿದ ಧ್ವನಿ ಸೂತ್ರ ಇದೆ. ಓದುವ ಕೆಲಸವೇ ಹೆಚ್ಚಿದ್ದು ಬರೆಯುವ ಕೆಲಸ ಕಡಿಮೆ ಇರುವಲ್ಲಿ ಇದಕ್ಕಿಂತ ಸರಳ ದಾರಿ ಇಲ್ಲ. ಆದರೆ ಲಾಗಿನ್, ಅನುಮತಿ, ನಮೂನೆ, ಲೆಕ್ಕ ತಪಾಸಣೆ ಬೇಕಾದ ಕಡೆ ಇದೇ ದಾರಿ ಹಿಡಿದರೆ, ಜಾಂಗೋ ಇಪ್ಪತ್ತು ವರ್ಷದಲ್ಲಿ ತಿದ್ದಿಕೊಂಡ ತಪ್ಪುಗಳನ್ನೆಲ್ಲ ನೀವು ನಿಮ್ಮ ಖರ್ಚಿನಲ್ಲಿ ಮೊದಲಿನಿಂದ ಮಾಡಬೇಕಾಗುತ್ತದೆ.

ಕನ್ನಡದ ಮಾತು ಬಂದದ್ದರಿಂದ ಯಾವ ಬೆಂಚ್‌ಮಾರ್ಕ್ ಪಟ್ಟಿಯೂ ಕೇಳದ ಒಂದು ಪರೀಕ್ಷೆ ಹೇಳುತ್ತೇನೆ. ಲೇಖನದ ಶೀರ್ಷಿಕೆಯಿಂದ ಪುಟದ ವಿಳಾಸ ತಯಾರಿಸಲು ಜಾಂಗೋದಲ್ಲಿ ಸ್ಲಗಿಫೈ ಎಂಬ ಫಂಕ್ಷನ್ ಇದೆ. ಅದಕ್ಕೆ 'ಕರ್ನಾಟಕ' ಎಂದು ಕೊಟ್ಟರೆ ಖಾಲಿ ಉತ್ತರ ಬರುತ್ತದೆ. ಸುಮ್ಮನೆ ಬಿಟ್ಟರೆ ಅದು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಉಳಿಸಿಕೊಳ್ಳುವುದು. ಸರಿ, ಯೂನಿಕೋಡ್ ಅಕ್ಷರಗಳೂ ಇರಲಿ ಎಂದು ಹೇಳಿದರೆ 'ಕರನಟಕ' ಬರುತ್ತದೆ. ಪೈಥಾನಿನ ಪಠ್ಯ ಹುಡುಕುವ ಲೈಬ್ರರಿ ನಮ್ಮ ಕಾಗುಣಿತದ ಗುರುತುಗಳನ್ನೂ ಒತ್ತಿನ ಗುರುತನ್ನೂ ಅಕ್ಷರವೆಂದು ಒಪ್ಪುವುದಿಲ್ಲ, ಚಿಹ್ನೆಯೆಂದು ಉದುರಿಸಿಬಿಡುತ್ತದೆ. ಕಾಲು, ಕಲೆ, ಕೂಲಿ ಮೂರೂ 'ಕಲ' ಆಗುತ್ತವೆ, ಮೂರು ಲೇಖನಗಳು ಒಂದೇ ವಿಳಾಸಕ್ಕೆ ಜಗಳವಾಡುತ್ತವೆ. ರೈಲ್ಸ್‌ನ ಪ್ಯಾರಾಮೀಟರೈಸ್ ಇದಕ್ಕಿಂತ ಉತ್ತಮವೇನಲ್ಲ, ಅದೂ ಖಾಲಿಯೇ ಕೊಡುತ್ತದೆ. ಮೂರು ಸಾಲಿನ ಕೋಡಿನಲ್ಲಿ ಸರಿಪಡಿಸಬಹುದಾದ ವಿಷಯ, ನಿಜ. ಆದರೆ ತಾಣ ಶುರುವಾಗಿ ಸಾವಿರ ಲೇಖನ ಆದ ಮೇಲೆ ಗೊತ್ತಾದರೆ ಸಾವಿರ ಹಳೆಯ ಕೊಂಡಿಗಳನ್ನು ಹೊಸದಕ್ಕೆ ತಿರುಗಿಸಬೇಕು. ಆಯ್ಕೆಯ ಸಭೆಗೆ ಮೊದಲು, ಖಾಲಿ ಪ್ರಾಜೆಕ್ಟೊಂದನ್ನು ಕ್ಲೌಡಿಗೆ ಹಾಕಿ, ಕನ್ನಡದಲ್ಲೇ ಮಾಹಿತಿ ತುಂಬಿ, ಫೋಟೋ ಅಪ್‌ಲೋಡ್ ಆಗುತ್ತಿರುವಾಗ ಕಂಟೈನರ್ ಕೊಂದು ನೋಡಿದರೆ ಒಂದು ಮಧ್ಯಾಹ್ನದಲ್ಲಿ ತಿಳಿಯುವುದು ಹತ್ತು ಸ್ಲೈಡುಗಳಲ್ಲಿ ತಿಳಿಯುವುದಿಲ್ಲ.

ಇನ್ನು ವಯಸ್ಸಿನ ಪ್ರಶ್ನೆ. ಹಳೆಯದೆಂದರೆ ಮೂಗು ಮುರಿಯುವುದು ನಮ್ಮ ಉದ್ಯಮದ ಚಾಳಿ. ಎಕ್ಸ್‌ಪ್ರೆಸ್‌ನ 4ನೆಯ ಆವೃತ್ತಿ ಬಂದದ್ದು 2014ರಲ್ಲಿ, 5ನೆಯದು 2024ರಲ್ಲಿ. ನಡುವಿನ ಹತ್ತು ವರ್ಷ ಅದು ಸತ್ತುಹೋಯಿತೆಂದು ಸಾರಿದವರಿಗೆ ಲೆಕ್ಕವಿಲ್ಲ. ಅದನ್ನು ಆರಿಸಿಕೊಂಡಿದ್ದವರು ಆ ಹತ್ತು ವರ್ಷವೂ ಸಣ್ಣಪುಟ್ಟ ಭದ್ರತಾ ತೇಪೆಗಳನ್ನು ಹಾಕಿಕೊಂಡು ಗ್ರಾಹಕರ ಕೆಲಸ ಮಾಡಿಕೊಟ್ಟರು. ಅದೇ 2014ರಲ್ಲಿ ಎಲ್ಲರ ಬಾಯಲ್ಲಿದ್ದದ್ದು ಆ್ಯಂಗುಲರ್ ಜೆಎಸ್, ಅದೂ ಗೂಗಲ್ ಬೆಂಬಲದ್ದು. ಎರಡೇ ವರ್ಷಕ್ಕೆ ಅದರ ಹೊಸ ಅವತಾರ ಹಳೆಯದಕ್ಕೆ ಹೊಂದದಂತೆ ಬಂತು, 2021ರ ಕೊನೆಗೆ ಹಳೆಯದರ ಬೆಂಬಲವೂ ನಿಂತಿತು. ಅದನ್ನು ನೆಚ್ಚಿದವರು ಒಂದೇ ಅಪ್ಲಿಕೇಶನ್ನಿನ ಮುಖವನ್ನು ಎರಡು ಸಲ ಬರೆದರು, ಎರಡನೆಯ ಸಲದ ಖರ್ಚನ್ನು ಯಾವ ಗ್ರಾಹಕನ ಬಿಲ್ಲಿಗೂ ಸೇರಿಸುವಂತಿರಲಿಲ್ಲ.